ಎಂಟು ದಿನಕ್ಕೆಂದು ಒಯ್ದ ಪುಸ್ತಕ

ಅಳಿಕೆಯ ನಂತರದ ಎಂಬತ್ತೆಂಟನೇ ವರ್ಷ,
ಎರಡನೇ ಭಾದ್ರಪದದ ಮೂವತ್ತೆಂಟನೇ ದಿನ, ಮಧ್ಯಾಹ್ನ.
ಏಳನೇ ಗಾಳಿಕಂಬ, ಕಪ್ಪತಗುಡ್ಡದ ಮೇಲ್ಸಾಲು.

ಶ್ರೀಮತಿ ವಿಶಾಲಾಕ್ಷಿ ನಾ. ಅಬ್ಬಿಗೇರಿ ಅಕ್ಕಾರಿಗೆ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಎಣಿಕೆಯಲ್ಲಿ ಇದು 2191ನೇ ಇಸವಿ. ತಿಂಗಳಿಗೆ ಮೂವತ್ತೆಂಟು ದಿನ ಎಲ್ಲಿಂದ ಬಂದವು ಎಂದು ವಿವರಿಸಲು ಹೊರಟರೆ ಇರುವ ಕಾಗದವೆಲ್ಲ ಅದಕ್ಕೇ ಸರಿಹೋಗುತ್ತದೆ. ಮಳೆ ಬರುವ ತನಕ ಭಾದ್ರಪದವನ್ನು ಎಳೆಯುವುದು ನಮ್ಮಲ್ಲಿ ರೂಢಿ ಎಂದುಕೊಳ್ಳಿ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ಆದರೆ ನಾನು ಓದು ಬರಹ ಕಲಿತದ್ದೇ ನಿಮ್ಮ ಪುಸ್ತಕಗಳಿಂದ. ಹಾಗಾಗಿ ತಪ್ಪು ಸಿಕ್ಕಿದರೆ ಅರ್ಧ ನಿಮ್ಮದು.

ನನ್ನ ಹೆಸರು ನೀಲಗಂಗಾ ಸೊರಟೂರ. ಮೊನ್ನೆ ಅರವತ್ತು ತುಂಬಿತು. ಈ ಕಾಗದ ಹಿಂದಂಚೆಯಲ್ಲಿ ಬರುತ್ತದೆ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಹೋಗುವ ಅಂಚೆ. ಅರವತ್ತಾದವರಿಗೆ ಒಂದು ಕಾಗದ ಹಾಕಲು ಅವಕಾಶವಿದೆ, ಜೀವಮಾನಕ್ಕೆ ಒಂದೇ. ಅದು ಹೇಗೆ ಹೋಗುತ್ತದೆ ಎಂಬುದು ನನಗೆ ಗೊತ್ತಿಲ್ಲ. ನಿಮ್ಮ ಫೋನಿನೊಳಗೆ ಮಾತು ಹೇಗೆ ಬರುತ್ತದೆ ಎಂಬುದು ನಿಮಗಾದರೂ ಎಲ್ಲಿ ಗೊತ್ತಿತ್ತು? ಜನ ಸಾಮಾನ್ಯವಾಗಿ ತೀರಿಕೊಂಡ ತಾಯಿಗೆ ಬರೆಯುತ್ತಾರೆ, ಇಲ್ಲವೇ ಇಪ್ಪತ್ತರ ಹರೆಯದ ತಮಗೆ ತಾವೇ ಬುದ್ಧಿ ಹೇಳಿಕೊಳ್ಳುತ್ತಾರೆ. ನಾನು ಗುರುತು ಪರಿಚಯವಿಲ್ಲದ ನಿಮಗೆ ಬರೆಯುತ್ತಿದ್ದೇನೆ. ಅಂಚೆಯವರು ನಾಲ್ಕು ಗಂಟೆಗೆ ಬರುತ್ತಾರೆ. ಬೆಳಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಎರಡು ಸಾಲು ಬರೆಯುತ್ತೇನೆ, ಎದ್ದು ಹೋಗಿ ಕಪಾಟಿನ ಮುಂದೆ ನಿಲ್ಲುತ್ತೇನೆ, ಮತ್ತೆ ಬಂದು ಕೂರುತ್ತೇನೆ. ನಾಡಿದ್ದು ನಮ್ಮ ಮನೆಗೆ ಸಾಲುನೋಟದವರು, ಅಂದರೆ ಪುಸ್ತಕದ ಸಾಲು ಪರೀಕ್ಷಿಸುವ ಅಧಿಕಾರಿಗಳು, ಬರುತ್ತಾರೆ. ಹೋಗುವಾಗ ನನ್ನ ಆರು ವರ್ಷದ ಮೊಮ್ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿಬಿಡಬಹುದು.

ಇದಕ್ಕೂ ನಿಮಗೂ ಏನು ಸಂಬಂಧ ಎಂದರೆ, ನಿಮ್ಮ ಪುಸ್ತಕದ ಕಪಾಟು ಈಗ ನಮ್ಮ ಮನೆಯಲ್ಲಿದೆ.

ನಿಮ್ಮ ಕಾಲದವರು ಹೆಸರು, ಹೊಲ, ಮದುವೆ, ಮಕ್ಕಳು ಎಲ್ಲವನ್ನೂ ಯಂತ್ರಗಳೊಳಗೆ ಬರೆದಿಟ್ಟು, ಕಾಗದಗಳನ್ನು ಹರಿದು ಹಾಕಿದಿರಿ. 2103ರ ಒಂದು ಮಂಗಳವಾರ ಅದೆಲ್ಲ ಅಳಿಸಿಹೋಯಿತು. ಅದನ್ನೇ ನಾವು ಅಳಿಕೆ ಎನ್ನುವುದು. ಯಾರು ಯಾರ ಮಗಳು, ಯಾವ ಮನೆ ಯಾರದು, ಹೇಳಲು ಒಂದು ಚೂರು ಪುರಾವೆ ಉಳಿಯಲಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಆಮೇಲೆ ಎಷ್ಟೋ ಸಭೆಗಳಾದವು. ಕೊನೆಗೆ ಯಾರಿಗೋ ಹೊಳೆಯಿತು: ಜನರ ಹೆಸರು ಅವರ ಕೈಬರಹದಲ್ಲೇ ಉಳಿದಿರುವುದು ಮನೆಮನೆಯ ಪುಸ್ತಕಗಳ ಮೊದಲ ಪುಟದಲ್ಲಿ. ‘ಚಿ. ಸೌ. ಇಂಥವಳಿಗೆ ಮದುವೆಯ ಉಡುಗೊರೆ’ ಎಂದು, ‘ಪ್ರಬಂಧ ಸ್ಪರ್ಧೆ, ಎರಡನೇ ಬಹುಮಾನ’ ಎಂದು, ‘ಈ ಪುಸ್ತಕ ಕದ್ದವರ ಕೈಗೆ ಹುಳ ಬೀಳಲಿ’ ಎಂದು. ಹೀಗೆ ಕಪಾಟೇ ಮನೆಯ ದಾಖಲೆಯಾಯಿತು. ಕಪಾಟಿನಲ್ಲಿ ಹೆಸರಿನ ಬುಡ ತೋರಿಸಿದವರು ಬುಡವಂತರು, ತೋರಿಸಲಾಗದವರು ಬಿಡಿಗಳು. ಬಿಡಿಗಳಿಗೂ ಅನ್ನ ಬಟ್ಟೆ ಸೂರು ಎಲ್ಲ ಇದೆ, ಸುಳ್ಳು ಹೇಳಬಾರದು. ಆದರೆ ಅವರನ್ನು ಒಂದೇ ಕಡೆ ಇರಗೊಡುವುದಿಲ್ಲ. ದೊಡ್ಡವರು ಕೆಲಸವಿದ್ದ ಊರಿಗೆ ಹೋಗಬೇಕು, ಮಕ್ಕಳು ಬಿಡಿಮಕ್ಕಳ ಶಾಲೆಗೆ. ವರ್ಷಕ್ಕೆರಡು ಸಲ ಭೇಟಿಗೆ ಬಿಡುತ್ತಾರಂತೆ.

ಪುಸ್ತಕ ಜೋಡಿಸುವುದಕ್ಕೆ ನಮ್ಮಲ್ಲಿ ಇರುವುದು ಒಂದೇ ಕಟ್ಟಳೆ: ಮನೆಗೆ ಬಂದ ಕ್ರಮದಲ್ಲಿ, ಎಡದಿಂದ ಬಲಕ್ಕೆ. ಎಡದ ತುದಿಯದು ಬುಡಪುಸ್ತಕ. ಅದರ ಮೊದಲ ಪುಟದ ಹೆಸರೇ ಮನೆತನದ ಹೆಸರು. ಮಗು ಹುಟ್ಟಿದರೆ ಬಲತುದಿಗೆ ಒಂದು ಪುಸ್ತಕ ಸೇರುತ್ತದೆ. ಮದುವೆಯಾಗಿ ಬರುವವರು, ಗಂಡಾಗಲಿ ಹೆಣ್ಣಾಗಲಿ, ತಮ್ಮ ಮನೆಯಿಂದ ಮೂರು ಪುಸ್ತಕ ತರುತ್ತಾರೆ. ಯಾರಾದರೂ ತೀರಿಕೊಂಡರೆ ಅವರ ಪುಸ್ತಕದ ಬೆನ್ನನ್ನು ಗೋಡೆಯ ಕಡೆಗೆ ತಿರುಗಿಸಿಡುತ್ತೇವೆ. ನನ್ನ ಗಂಡ ಈ ಮನೆಗೆ ಮನೆಯಳಿಯನಾಗಿ ಬಂದವರು. ಅವರ ಪುಸ್ತಕ ತಿರುಗಿ ಹನ್ನೊಂದು ವರ್ಷವಾಯಿತು, ಧೂಳು ಒರೆಸುವಾಗ ಅಲ್ಲಿ ಇವತ್ತಿಗೂ ನನ್ನ ಕೈ ನಿಧಾನವಾಗುತ್ತದೆ. ವಾರಕ್ಕೊಮ್ಮೆ ಒರೆಸಬೇಕು, ಬೇಸಿಗೆಯಲ್ಲಿ ಬೇವಿನ ಸೊಪ್ಪಿನ ಹೊಗೆ ಕೊಡಬೇಕು, ತೆಗೆದದ್ದನ್ನು ತೆಗೆದಲ್ಲೇ ಇಡಬೇಕು. ಚೆಂದ ಕಾಣಲಿ ಎಂದು ಎತ್ತರ ನೋಡಿ ಜೋಡಿಸಿದ ಎಂಟನೇ ಕಂಬದ ಸೊಸೆಯನ್ನು ಊರವರು ಇನ್ನೂ ಆಡಿಕೊಳ್ಳುತ್ತಾರೆ.

ನೀವು ನಮ್ಮ ಹಾಗೆ ಜೋಡಿಸಿದವರಲ್ಲ ಎಂಬುದು ನನಗೆ ಗೊತ್ತಾಗಲು ನಲವತ್ತು ವರ್ಷ ಬೇಕಾಯಿತು. ನಿಮ್ಮ ನಡುವಿನ ಅರೆಯ ಮುಂದಿನ ಸಾಲಿನಲ್ಲಿ ಚಿನ್ನದ ಅಕ್ಷರದ ದಪ್ಪ ಪುಸ್ತಕಗಳಿವೆ. ಒಂದರದ್ದೂ ಬೆನ್ನು ಮುರಿದಿಲ್ಲ, ಅಂದರೆ ತೆರೆದೇ ಇಲ್ಲ. ಅವುಗಳ ಹಿಂದೆ, ಕಣ್ಣಿಗೆ ಬೀಳದಂತೆ, ಪತ್ತೇದಾರಿ ಕಾದಂಬರಿಗಳ ಸಾಲು. ಅವುಗಳ ರಟ್ಟು ಹರಿದು, ಅಂಚು ಸವೆದು, ನಡುವೆ ಚುರುಮುರಿಯ ಕಣ ಸಿಗುತ್ತದೆ. ಬಂದವರು ನೋಡಲಿ ಎಂದು ಮುಂದಿನವು, ನೀವು ಓದಲು ಹಿಂದಿನವು. ಸಾಲುನೋಟದವರಿಗೆ ಈ ಗುಟ್ಟು ಇನ್ನೂ ತಿಳಿದಿಲ್ಲ. ‘ಹಿಂಸಾಲಿನ ಗ್ರಂಥಗಳು ಮನೆದೇವರಿಗೆ ಸಂಬಂಧಪಟ್ಟವು, ಹೊರಗಿನವರ ದೃಷ್ಟಿ ತಾಗದಂತೆ ಕಾಪಾಡಲಾಗಿದೆ’ ಎಂದು ಅವರ ದಫ್ತರದಲ್ಲಿ ಬರೆದಿದ್ದಾರೆ. ಕೆಳಗಿನ ಅರೆಯಲ್ಲಿ ಯಾವಾಗಲೋ ಎತ್ತರದ ಪ್ರಕಾರ ಜೋಡಿಸಲು ಶುರು ಮಾಡಿ ಹದಿನಾಲ್ಕು ಪುಸ್ತಕಕ್ಕೆ ಕೈಬಿಟ್ಟಿದ್ದೀರಿ. ಒಲೆಯ ಮೇಲೆ ಏನೋ ಉಕ್ಕಿರಬೇಕು. ಅಡುಗೆ ಪುಸ್ತಕದಲ್ಲಿ ಹೋಳಿಗೆಯ ಪುಟದ ಮೇಲೆ ಅರಿಶಿನದ ಹೆಬ್ಬೆರಳಿದೆ. ಚಿಕ್ಕವಳಿದ್ದಾಗ ನಾನು ಅದರ ಮೇಲೆ ನನ್ನ ಬೆರಳಿಟ್ಟು ಅಳತೆ ನೋಡುತ್ತಿದ್ದೆ. ಕಪಾಟಿನ ಒಂದು ಕಾಲು ಗಿಡ್ಡ ಎಂದು ದೀಪಾವಳಿ ವಿಶೇಷಾಂಕ ಮಡಚಿ ಅಡಿಗಿಟ್ಟಿದ್ದೀರಿ, ಅದೂ ಹಾಗೇ ಇದೆ.

ಇನ್ನು ಎಡದ ತುದಿಯಲ್ಲಿ, ಬಾಗಿಲಿನ ಪಕ್ಕಕ್ಕೆ ಬರುವಂತೆ, ನಾಲ್ಕು ಪುಸ್ತಕಗಳನ್ನು ಬೇರೆಯಾಗಿ ಇಟ್ಟಿದ್ದಿರಿ. ಅಕ್ಕಾರೇ, ನಮ್ಮ ಕಥೆಯೆಲ್ಲ ಅಲ್ಲೇ ಕೆಟ್ಟದ್ದು.

ನನ್ನ ಅಜ್ಜಿ ಫಕೀರವ್ವ ನೀರಿನ ಪೈಪಿನ ಕೆಲಸಕ್ಕೆ ಊರೂರು ಅಲೆಯುತ್ತಿದ್ದವಳು. ಅಳಿಕೆಯ ವರ್ಷ ಅವಳಿಗೆ ಇಪ್ಪತ್ತಮೂರು, ಕಂಕುಳಲ್ಲಿ ನನ್ನ ಅವ್ವ. ಬೆಟಗೇರಿಯ ಒಂದು ಖಾಲಿ ಮನೆಯಲ್ಲಿ ಅವಳಿಗೆ ನಿಮ್ಮ ಕಪಾಟು ಕಂಡಿತು. ನಿಮ್ಮವರು ಎಲ್ಲಿ ಹೋದರೋ ಯಾರಿಗೂ ಗೊತ್ತಿರಲಿಲ್ಲ. ಅವಳು ಎರಡು ದಿನ ಅದರ ಪಕ್ಕದಲ್ಲೇ ಕೂತಳು. ಕಪಾಟುಗಳ ಲೆಕ್ಕ ಬರೆದುಕೊಳ್ಳುವವರು ಬಂದು ಇದು ಯಾರದೆಂದು ಕೇಳಿದಾಗ “ನಮ್ದರಿ” ಎಂದಳು. ಹಾಗಿದ್ದರೆ ಬುಡಪುಸ್ತಕ ಓದು ಎಂದರು. ಅಕ್ಷರ ಕೂಡಿಸಿ ಕೂಡಿಸಿ ಓದಿದಳು: ಗುರುಪಾದಪ್ಪ ಸೊರಟೂರ. ಅಂದಿನಿಂದ ನಾವು ಸೊರಟೂರ ಮನೆತನದವರು. ನಾನು ದೊಡ್ಡವಳಾದ ಮೇಲೆ ಒಂದು ದಿನ ರೊಟ್ಟಿ ಬಡಿಯುತ್ತ ಅವಳೇ ಹೇಳಿದಳು, “ಅದು ನಮ್ದಲ್ಲ ಯವ್ವಾ, ಸಿಕ್ಕಿದ್ದು. ಯಾರ ಮುಂದೂ ಅನಬ್ಯಾಡ.” ನಾನು ಯಾರ ಮುಂದೂ ಹೇಳಲಿಲ್ಲ. ಆದರೂ ಗುರುಪಾದಪ್ಪನವರು ನಿಮ್ಮ ಮಾವನೋ ಮುತ್ತಜ್ಜನೋ ಇರಬೇಕೆಂದೇ ನಂಬಿದ್ದೆ.

ಆ ಪುಸ್ತಕದ ಹೆಸರು ‘ಹೊಲಿಗೆ ಯಂತ್ರ: ರಿಪೇರಿ ಮತ್ತು ಜೋಪಾನ’. ನಗಬೇಡಿ. ಮೂರು ತಲೆಮಾರಿನಿಂದ ನಮ್ಮ ಮದುವೆಗಳಲ್ಲಿ ಅಕ್ಷತೆ ಹಾಕುವ ಮುಂಚೆ ಅದರ ಮೊದಲನೇ ಪಾಠ ಓದುತ್ತೇವೆ. ‘ಮೊದಲು ಸೂಜಿಯನ್ನು ಬಿಚ್ಚಿ ಪಕ್ಕಕ್ಕಿಡಿ. ಅವಸರ ಮಾಡಬೇಡಿ. ಎಣ್ಣೆ ಕಾಣದ ಯಂತ್ರ ಸದ್ದು ಮಾಡುತ್ತದೆ, ಅದರ ತಪ್ಪಲ್ಲ.’ ನನ್ನ ಮದುವೆಯಲ್ಲಿ ಇದನ್ನು ಓದುವಾಗ ನನ್ನ ಗಂಡ ತಲೆತಗ್ಗಿಸಿ ಅಷ್ಟು ಭಕ್ತಿಯಿಂದ ಕೇಳಿಸಿಕೊಂಡರು. ಅವರು ಸಂಸಾರ ಮಾಡಿದ್ದೂ ಆ ಮಾತಿನ ಪ್ರಕಾರವೇ.

ಹನ್ನೆರಡು ದಿನದ ಹಿಂದೆ ಹೊಳೆಯಾಚೆಯಿಂದ ಒಬ್ಬರು ಬಂದರು. ಕಾಶಿಬಾಯಿ ಎಂದು ಹೆಸರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಹೆಗಲಲ್ಲಿ ಬಟ್ಟೆಯ ಚೀಲ. “ನಿಮ್ಮ ಮನಿತನದ ಹೆಸರು ಕೇಳಿ ಬಂದೇರಿ. ನಾವೂ ಸೊರಟೂರನವರು” ಎಂದರು. ನಾನು ಕಪಾಟಿನ ಮುಂದಿನ ಪರದೆ ಎಳೆದೆ. ಚೀಲದಿಂದ ಒಂದು ಹಳೆಯ ವಹಿ ತೆಗೆದರು. ಮೇಲೆ ‘ಕೊಟ್ಟ ಪುಸ್ತಕಗಳು’ ಎಂದು ಬರೆದಿತ್ತು. ಗುರುಪಾದಪ್ಪನವರದೇ ಅಕ್ಷರ, ಆ ‘ಪ’ ನನಗೆ ಹುಟ್ಟಿದಂದಿನಿಂದ ಪರಿಚಯ. ಯಾವ ಪುಸ್ತಕ, ಯಾರಿಗೆ, ಎಷ್ಟು ದಿನಕ್ಕೆ, ಮರಳಿ ಬಂದಾಗ ಒಂದು ಗೀಟು. ಎಲ್ಲದಕ್ಕೂ ಗೀಟು ಬಿದ್ದಿದೆ, ಒಂದನ್ನು ಬಿಟ್ಟು. ‘ಹೊಲಿಗೆ ಯಂತ್ರದ್ದು. ವಿಶಾಲಾಕ್ಷಿ ಅಬ್ಬಿಗೇರಿ ಅಕ್ಕಾರು. ಎಂಟು ದಿನಕ್ಕೆ.’

ನೂರ ಅರವತ್ತಾರು ವರ್ಷವಾಯಿತು ಅಕ್ಕಾರೇ. ಬಾಗಿಲ ಪಕ್ಕಕ್ಕೆ ಇಟ್ಟ ಆ ನಾಲ್ಕೂ ನೀವು ಓದಲು ಇಸಿದುಕೊಂಡು ತಂದವು. ಹೋಗುವಾಗ ಕಣ್ಣಿಗೆ ಬಿದ್ದರೆ ಕೊಟ್ಟುಬಿಡೋಣ ಎಂದು ಅಲ್ಲಿಟ್ಟಿರಿ, ಕೊಡಲಿಲ್ಲ. ನೀವು ಮರಳಿಸದ ಪುಸ್ತಕದ ಯಜಮಾನನನ್ನು ನಾವು ಮೂಲಪುರುಷನೆಂದು ಕೈಮುಗಿದುಕೊಂಡು ಬಂದೆವು.

ಕಾಶಿಬಾಯಿಯವರಿಗೆ ಮನೆ ಬೇಡ, ಹೆಸರಿನ ತಕರಾರಿಲ್ಲ, ಪುಸ್ತಕ ಬೇಕು. ಅವರ ಕಪಾಟಿನಲ್ಲಿ ಅದರ ಜಾಗಕ್ಕೆ ಅದೇ ದಪ್ಪದ ಮರದ ತುಂಡು ಇಟ್ಟು ಐದು ತಲೆಮಾರು ಕಾದಿದ್ದಾರೆ. ಅವರ ತಂದೆಗೆ ತೊಂಬತ್ತೊಂದು, ಹಾಸಿಗೆ ಹಿಡಿದಿದ್ದಾರೆ. “ಮುಂಜಾನೆ ಕಣ್ಣ ತೆಗೆದ ಕೂಡ್ಲೆ ಕೇಳ್ತಾನ್ರಿ, ಬಂತೇನವಾ ಅದು ಅಂತ. ದಿನಾ ಏನಂತ ಹೇಳೂದು?” ಎಂದರು. ನನಗೆ ಅತ್ತ ದರಿ, ಇತ್ತ ಪುಲಿ. ಬುಡಪುಸ್ತಕ ಕೊಟ್ಟರೆ ನಾವು ಬಿಡಿಗಳು. ನನ್ನ ಮಗಳು ಕಾರವಾರದ ಕಡಲಗೋಡೆಯ ಕೆಲಸದಲ್ಲಿದ್ದಾಳೆ, ಮಗು ನನ್ನ ಹತ್ತಿರ. ಅದು ಶಾಲೆಯ ಪಾಲಾಗುತ್ತದೆ. ನಾನು ಕಣ್ಣು ಮಿಟುಕಿಸದೆ, “ಗೆದ್ದಲ ತಿಂದು ಹಾಳಾತ್ರಿ” ಎಂದೆ. ಪುಸ್ತಕ ಆರಡಿ ದೂರದಲ್ಲಿ, ಪರದೆಯ ಹಿಂದೆ ಇತ್ತು.

“ಐತಲ್ಲ ಆಯಿ! ಪಡದೆ ಹಿಂದs ಐತಿ!” ಎಂದು ನನ್ನ ಮೊಮ್ಮಗಳು ಕೂಗಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಕಾಶಿಬಾಯಿ ಪರದೆಯ ಕಡೆ ತಿರುಗಲೂ ಇಲ್ಲ. “ಸಣ್ಣವು ಏನರ ಅಂತಾವ್ರಿ” ಎಂದು ಮಗುವಿನ ಕೆನ್ನೆ ಸವರಿದರು. “ಇರ್ಲಿ ಬಿಡ್ರಿ, ಪುಸ್ತಕಕ್ಕೂ ಆಯುಷ್ಯ ಅನ್ನೂದು ಇರ್ತದ” ಎಂದು ಚಹಾ ಕುಡಿದು, ಲೋಟ ತಾವೇ ತೊಳೆದಿಟ್ಟು, ಊರ ಛತ್ರಕ್ಕೆ ಹೋದರು. ಬೈದು ಹೋಗಿದ್ದರೆ ನನಗೆ ಬದುಕಲು ಬರುತ್ತಿತ್ತು. ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಛತ್ರಕ್ಕೆ ಹೋಗಿ ಅವರ ಕೈಗಿಟ್ಟೆ. ನಾವು ಯಾರು, ಕಪಾಟು ಹೇಗೆ ಸಿಕ್ಕಿತು, ಎಲ್ಲ ಹೇಳಿದೆ. ಅವರು ಮೊದಲ ಪುಟ ತೆರೆದು ಹೆಸರಿನ ಮೇಲೆ ಬೆರಳಾಡಿಸಿ ಸುಮ್ಮನೆ ಅತ್ತರು, ನಾನೂ ಅತ್ತೆ. ಆಮೇಲೆ ಚೀಲದಿಂದ ಆ ಮರದ ತುಂಡನ್ನು ತೆಗೆದು, “ಸಾಲು ಬೀಳಬಾರದ್ರಿ, ಇದನ್ನ ಇಟ್ಕೋರಿ” ಎಂದು ನನಗೆ ಕೊಟ್ಟರು. ಅಳತೆ ನೋಡಲೆಂದು ತಂದಿದ್ದರಂತೆ. ಈಗ ನಮ್ಮ ಎಡತುದಿಯಲ್ಲಿ ಮರದ ತುಂಡು ನಿಂತಿದೆ.

ಕೊಟ್ಟದ್ದಕ್ಕೆ ಪಶ್ಚಾತ್ತಾಪವಿಲ್ಲ. ಆದರೆ ಮರದ ತುಂಡಿನ ಮೇಲೆ ಹೆಸರಿಲ್ಲ. ಅದರ ಪಕ್ಕದ ಮೂರೂ ನೀವು ಬೇರೆ ಬೇರೆಯವರಿಂದ ತಂದವು. ನಾವು ಆಮೇಲೆ ಸೇರಿಸಿದವನ್ನು ಬಿಟ್ಟರೆ ಉಳಿದ ಇನ್ನೂರ ಹತ್ತು ನಿಮ್ಮವು, ನಿಮ್ಮ ಹೆಸರಿನವು; ಅಬ್ಬಿಗೇರಿಯವರಿಗೂ ನಮಗೂ ಒಂದು ದಾರದ ಎಳೆಯಷ್ಟೂ ನಂಟಿಲ್ಲ. ಬುಡಪುಸ್ತಕ ಇಲ್ಲದ ಮನೆಗೆ ಸಾಲುನೋಟದವರು ಕೇಳುವುದು ಒಂದೇ ಪ್ರಶ್ನೆ: ಈ ಕಪಾಟಿನ ಒಡೆಯರು ಈ ಮನೆಯವರಿಗೆ ಏನನ್ನಾದರೂ ಕೊಟ್ಟ ಗುರುತಿದೆಯೇ? ಹಳೆಯ ಕೈಬರಹದಲ್ಲಿ, ಈಗಿರುವವರೊಬ್ಬರ ಹೆಸರು ಇದ್ದರೂ ಸಾಕು. ಹಿರಿಯರ ಹೆಸರನ್ನು ಮಕ್ಕಳಿಗೆ ಇಟ್ಟಿದ್ದಾರೆಂದು ಒಪ್ಪಿಕೊಳ್ಳುತ್ತಾರೆ; ಪುಟ ನೋಡಿ ಇಟ್ಟದ್ದಾಗಿರಬಾರದು, ಅಷ್ಟೇ. ನನ್ನ ಮೊಮ್ಮಗಳ ಹೆಸರು ಗಾಳೆಮ್ಮ. ಅವಳು ಹುಟ್ಟಿದ ದಿನ ಹಳೆಯ ಗಾಳಿಕಂಬದ ರೆಕ್ಕೆ ಮುರಿದು ಬೀಳುವಷ್ಟು ಗಾಳಿ ಬೀಸಿತ್ತು, ಅದಕ್ಕೇ ಅವಳ ತಾಯಿ ಹಟ ಹಿಡಿದು ಆ ಹೆಸರಿಟ್ಟಳು. ಕಪಾಟಿನಲ್ಲಿ ಇಲ್ಲದ ಹೆಸರು ಏಕೆ ಎಂದು ನಾನೇ ಬೈದಿದ್ದೆ.

ಮೊದಲು ನಾನು ಈ ಕಾಗದ ಬರೆಯಲು ಕೂತದ್ದು ಬೇರೆ ಮಾತಿಗೆ. ಗುರುಪಾದಪ್ಪನವರ ಪುಸ್ತಕವನ್ನು ಎಂಟು ದಿನಕ್ಕೇ ಕೊಟ್ಟುಬಿಡಿ ಎಂದು ಕೇಳಬೇಕೆಂದಿದ್ದೆ. ಕೊಟ್ಟಿದ್ದರೆ ಕಾಶಿಬಾಯಿಯ ತಂದೆ ಅಷ್ಟು ವರ್ಷ ಕಾಯಬೇಕಿರಲಿಲ್ಲ. ಆದರೆ ಆಗ ಫಕೀರವ್ವ ಓದಲು ಆ ಹೆಸರೇ ಇರುತ್ತಿರಲಿಲ್ಲ, ಈ ಮನೆ, ನಾನು, ಗಾಳೆಮ್ಮ ಏನಾಗುತ್ತಿದ್ದೆವೋ. ಯೋಚಿಸಿದಷ್ಟೂ ತಲೆ ಗಿರ್ರನೆ ತಿರುಗುತ್ತದೆ. ಅದು ಹಾಗೇ ಇರಲಿ. ನಿಮ್ಮ ಪರವಾಗಿ ನಾನು ಕೊಟ್ಟಾಯಿತು, ಅವರ ವಹಿಯಲ್ಲಿ ಗೀಟೂ ಬಿತ್ತು.

ಈಗ ನನ್ನ ಬೇಡಿಕೆ. ಇನ್ನೂರ ಹದಿಮೂರು ಪುಸ್ತಕಗಳಲ್ಲಿ ಇನ್ನೂರ ಹನ್ನೆರಡರ ಮೊದಲ ಪುಟ ನನಗೆ ಬಾಯಿಪಾಠ. ಒಂದರದ್ದು ಮಾತ್ರ ಯಾರೂ ನೋಡಿಲ್ಲ. ಮುಂದಿನ ಸಾಲಿನ ಕೊನೆಯಲ್ಲಿ, ಹಸಿರು ರಟ್ಟಿನ ತೆಳು ಪುಸ್ತಕ, ‘ಕುಂಡದಲ್ಲಿ ಕಾಯಿಪಲ್ಲೆ’. ಅದರ ಮೇಲೆ ಚಹಾದಂಥದ್ದೇನೋ ಚೆಲ್ಲಿ, ಮೊದಲ ಹಾಳೆ ರಟ್ಟಿಗೆ ಅಂಟಿಕೊಂಡಿದೆ. ಅಂಟಿದ ಹಾಳೆಯನ್ನು ಮನೆಯವರು ಬಿಡಿಸಬಾರದು, ಸಾಲುನೋಟದವರ ಎದುರಿಗೇ ಆವಿ ಹಿಡಿದು ಬಿಡಿಸಬೇಕು ಎಂಬುದು ಕಟ್ಟಳೆ. ಅದನ್ನು ಬಿಡಿಸಲು ನಾನು ಅರ್ಜಿ ಹಾಕಿದ್ದೇನೆ. ನಾಡಿದ್ದು ಹತ್ತು ಗಂಟೆಗೆ ಬಿಡಿಸುತ್ತಾರೆ.

ಅಕ್ಕಾರೇ, ಆ ಪುಸ್ತಕ ಈಗ ನಿಮ್ಮ ಮನೆಯಲ್ಲಿ ಹೊಸದಾಗಿರಬಹುದು. ದಯವಿಟ್ಟು ಇವತ್ತೇ ತೆಗೆದು ಮೊದಲ ಪುಟದಲ್ಲಿ ‘ಗಾಳೆಮ್ಮನಿಗೆ, ಪ್ರೀತಿಯಿಂದ’ ಎಂದು ಬರೆದು ಕೆಳಗೆ ನಿಮ್ಮ ಸಹಿ ಹಾಕಿ. ಶಾಯಿ ಪೆನ್ನು ಬೇಡ, ಹರಡುತ್ತದೆ. ಬಾಲ್ ಪೆನ್ನಿನಲ್ಲಿ ಒತ್ತಿ ಬರೆಯಿರಿ. ಇದು ಸುಳ್ಳು ಪುರಾವೆ ಎಂದು ಹಿಂಜರಿಯಬೇಡಿ. ನೀವು ನಿಜವಾಗಿ ಅವಳಿಗೆಂದು ಬರೆದರೆ ಅದು ನಿಜವಾಗಿ ನೀವು ಕೊಟ್ಟದ್ದೇ. ನಾವು ಕೇಳದೆ ತೆಗೆದುಕೊಂಡ ಕಪಾಟಿನಲ್ಲಿ, ಕೇಳಿ ಪಡೆದದ್ದು ಒಂದಾದರೂ ಇರುತ್ತದೆ.

ಬರೆದ ಮೇಲೆ ಇನ್ನೊಂದು ಕೆಲಸವಿದೆ, ಅದನ್ನು ಕೇಳಲು ನನಗೆ ನಾಚಿಕೆ. ಪುಟದ ಅಂಚಿಗೆ ಸ್ವಲ್ಪ ಚಹಾ ಚೆಲ್ಲಿ ರಟ್ಟು ಮುಚ್ಚಿ, ಮೇಲೆ ಭಾರ ಇಟ್ಟುಬಿಡಿ. ತೆರೆದಿದ್ದರೆ ನಮ್ಮವರಲ್ಲಿ ಯಾರಾದರೂ ಎಂದೋ ಓದಿ, ಆ ಹೆಸರು ಎಲ್ಲರ ಬಾಯಲ್ಲಿ ಹಳತಾಗಿ, ನೋಡಿ ಇಟ್ಟ ಹೆಸರು ಎನಿಸಿಕೊಂಡು ಬೆಲೆ ಕಳೆದುಕೊಳ್ಳುತ್ತಿತ್ತು. ನಿಮ್ಮಂಥವರಿಗೆ ಇದು ಎಷ್ಟು ಸಂಕಟದ ಮಾತು ಎಂದು ಬಲ್ಲೆ. ಎಷ್ಟೋ ಪುಸ್ತಕಗಳಿಗೆ ಖಾಕಿ ಕಾಗದದ ಹೊದಿಕೆ ಹಾಕಿದವರು ನೀವು. ಪುಟ ಮಡಚಲಿಲ್ಲ, ಗೆರೆ ಎಳೆಯಲಿಲ್ಲ. ವಾರಕ್ಕೊಮ್ಮೆ ಆ ಹಸಿರು ರಟ್ಟನ್ನು ಒರೆಸುತ್ತ, ಇಷ್ಟು ಜತನದ ಹೆಂಗಸು ಇದೊಂದರ ಮೇಲೆ ಮಾತ್ರ ಚಹಾ ಹೇಗೆ ಚೆಲ್ಲಿಕೊಂಡಳೋ ಎಂದು ನಾನು ನಲವತ್ತು ವರ್ಷ ನಕ್ಕಿದ್ದೇನೆ. ಈ ಸಾಲು ಬರೆದವಳೇ ಎದ್ದು ಹೋಗಿ ಆ ರಟ್ಟಿನ ಮೇಲೆ ಕೈಯಿಟ್ಟು ಬಂದೆ. ಅಕ್ಕಾರೇ, ಅದು ಕೈತಪ್ಪಿ ಚೆಲ್ಲಿದ್ದಲ್ಲ, ಈ ಕಾಗದ ನಿಮಗೆ ಆಗಲೇ ಮುಟ್ಟಿದೆ.

ನಿಮ್ಮ,
ನೀಲಗಂಗಾ